ಮರಗೆಲಸದ ಜಿಗ್: ಒಂದೇ ಅಳತೆ, ನೂರು ಕೊಯ್ತ

ಹಲಗೆಯೊಂದನ್ನು ಗರಗಸದಿಂದ ಒಮ್ಮೆ ನೇರವಾಗಿ ಕೊಯ್ಯುವುದು ಅಭ್ಯಾಸದಿಂದ ಬರುವ ಕೈಚಳಕ. ಅದೇ ಉದ್ದಕ್ಕೆ, ಅದೇ ಕೋನಕ್ಕೆ ಇಪ್ಪತ್ತು ಹಲಗೆಗಳನ್ನು ಕೊಯ್ಯುವುದು ಬೇರೆಯೇ ಬಗೆಯ ಸಮಸ್ಯೆ. ಅದಕ್ಕೆ ಕೈಚಳಕವೊಂದೇ ಸಾಲದು. ಪ್ರತಿ ಹಲಗೆಗೂ ಟೇಪು ಹಿಡಿದು, ಪೆನ್ಸಿಲಿನಲ್ಲಿ ಗುರುತು ಹಾಕಿ, ಗುರುತಿನ ಮೇಲೆ ಗರಗಸ ಇಡುವಾಗ ತಪ್ಪು ನುಸುಳಲು ಮೂರು ದಾರಿಗಳಿವೆ. ಒಳ ಅಳತೆ, ಹೊರ ಅಳತೆ ಎರಡೂ ಸರಿಬರಲೆಂದು ಟೇಪಿನ ತುದಿಯ ಕೊಕ್ಕೆ ತನ್ನ ದಪ್ಪದಷ್ಟೇ ಹಿಂದೆಮುಂದೆ ಸರಿಯುವಂತೆ ಮಾಡಿರುತ್ತಾರೆ. ಆ ಕೊಕ್ಕೆ ಬಾಗಿದರೆ, ಸವೆದರೆ ಅಳತೆ ಕೆಡುತ್ತದೆ. ಮೊಂಡಾದ ಪೆನ್ಸಿಲಿನ ಗೆರೆಗೆ ತನ್ನದೇ ದಪ್ಪವಿದೆ. ಗೆರೆಯ ಯಾವ ಬದಿಯಲ್ಲಿ ಗರಗಸದ ಹಲ್ಲು ಇಳಿಯಿತು ಎಂಬುದು ಮೂರನೆಯ ಅನಿಶ್ಚಿತತೆ. ಈ ಮೂರನ್ನೂ ಒಂದೇ ಸಲಕ್ಕೆ ಇತ್ಯರ್ಥಪಡಿಸಿ, ಆಮೇಲೆ ಟೇಪು-ಪೆನ್ಸಿಲುಗಳ ಗೊಡವೆಯೇ ಇಲ್ಲದಂತೆ ಮಾಡುವ ಸಾಧನ ಜಿಗ್. ಇದನ್ನು ಕೊಳ್ಳಬೇಕಾದ ಸಂದರ್ಭ ಕಡಿಮೆ. ಕೆಲಸದಲ್ಲಿ ಉಳಿದ ಪ್ಲೈವುಡ್ ತುಂಡುಗಳಿಂದ ಕಾರ್ಯಾಗಾರದಲ್ಲೇ ಮಾಡಿಕೊಳ್ಳಬಹುದು.

ಜಿಗ್ ಎಂದರೇನು

ಕಟ್ಟುನಿಟ್ಟಾಗಿ ಹೇಳುವುದಾದರೆ ಉಪಕರಣಕ್ಕೆ ದಾರಿ ತೋರಿಸುವುದು ಜಿಗ್, ಕೆಲಸದ ವಸ್ತುವನ್ನು ಕದಲದಂತೆ ಹಿಡಿದಿಡುವುದು ಫಿಕ್ಸ್ಚರ್. ಲೋಹದ ಕೆಲಸದಲ್ಲಿ ಈ ಭೇದಕ್ಕೆ ಮಹತ್ವವಿದೆ. ಮರಗೆಲಸದಲ್ಲಿ ಎರಡು ಕೆಲಸಗಳೂ ಒಂದೇ ಸಾಧನದಲ್ಲಿ ಬೆರೆತಿರುವುದರಿಂದ ಎಲ್ಲವನ್ನೂ ಜಿಗ್ ಎಂದೇ ಕರೆಯುವುದು ರೂಢಿ.

ಗರಗಸದ ಜಿಗ್‌ನಲ್ಲಿ ಸಾಮಾನ್ಯವಾಗಿ ಮೂರು ಅಂಗಗಳಿರುತ್ತವೆ. ಮರವನ್ನು ಒರಗಿಸಿ ನಿಲ್ಲಿಸುವ ನೇರ ಪಟ್ಟಿಗೆ ಫೆನ್ಸ್ ಎನ್ನುತ್ತಾರೆ. ಕೋನ ನಿರ್ಧಾರವಾಗುವುದು ಇದರಿಂದ. ಮರದ ತುದಿ ತಾಗಿ ನಿಲ್ಲುವ ತಡೆಗೆ ಸ್ಟಾಪರ್ ಎನ್ನುತ್ತಾರೆ. ಉದ್ದ ನಿರ್ಧಾರವಾಗುವುದು ಇದರಿಂದ. ಮೂರನೆಯದು ಗರಗಸವೋ ಮರವೋ ಅತ್ತಿತ್ತ ಹೊರಳದೆ ಚಲಿಸಬೇಕಾದ ಹಾದಿ.

ಜಿಗ್‌ನ ಗುರಿ ಸರಿಯಾದ ಅಳತೆ ಎಂದು ಹೊರನೋಟಕ್ಕೆ ಅನ್ನಿಸುತ್ತದೆ. ಅದಕ್ಕಿಂತ ಮುಖ್ಯವಾದುದು ಸಮಾನ ಅಳತೆ. 400 ಎಂಎಂ ಅಗಲ, 600 ಎಂಎಂ ಎತ್ತರದ ಬಾಗಿಲಿನ ಚೌಕಟ್ಟೊಂದನ್ನು ಗಮನಿಸಬಹುದು. ಎತ್ತರದ ಎರಡೂ ಪಟ್ಟಿಗಳು 599 ಎಂಎಂ ಆಗಿಬಿಟ್ಟರೆ ಚೌಕಟ್ಟು ಒಂದು ಎಂಎಂ ಗಿಡ್ಡವಾಗುತ್ತದೆ, ಅಷ್ಟೆ; ಮೂಲೆಗಳು ಲಂಬವಾಗಿಯೇ ಇರುತ್ತವೆ, ಬಾಗಿಲು ಸಲೀಸಾಗಿ ಕೂರುತ್ತದೆ. ಒಂದು ಪಟ್ಟಿ ಸರಿಯಾಗಿ 600, ಇನ್ನೊಂದು 599 ಆದರೆ ನಾಲ್ಕೂ ಮೂಲೆಗಳು ಸೇರಿ ಚೌಕವಾಗುವುದೇ ಇಲ್ಲ. ಎರಡೂ ಒಟ್ಟಿಗೆ ತಪ್ಪಿದರೆ ತೊಂದರೆಯಿಲ್ಲ, ಒಂದೇ ತಪ್ಪಿದರೆ ಕೆಲಸ ಕೆಟ್ಟಿತು. ಅಳೆದು ಕೊಯ್ಯುವ ವಿಧಾನ ಪ್ರತಿ ತುಂಡಿಗೂ ಬೇರೆ ಬೇರೆ ತಪ್ಪನ್ನು ಹಂಚುತ್ತದೆ; ಜಿಗ್ ಎಲ್ಲ ತುಂಡುಗಳಿಗೂ ಒಂದೇ ತಪ್ಪನ್ನು ಕೊಡುತ್ತದೆ. ಆ ಒಂದೇ ತಪ್ಪನ್ನು ತಿದ್ದುವುದೂ ಸುಲಭ.

ಹಿನ್ನೆಲೆ

ಮರದ ವಸ್ತುಗಳನ್ನು ಸಮಾನ ಅಳತೆಯ ಈ ತತ್ತ್ವದ ಮೇಲೆ ಭಾರಿ ಪ್ರಮಾಣದಲ್ಲಿ ತಯಾರಿಸಿದ ಪ್ರಸಿದ್ಧ ನಿದರ್ಶನ ಇಂಗ್ಲೆಂಡಿನ ಪೋರ್ಟ್ಸ್‌ಮತ್ ನೌಕಾಂಗಣದ್ದು. ಹಾಯಿಹಡಗುಗಳ ಹಗ್ಗ ಹಾಯಿಸಲು ಬೇಕಾದ ಮರದ ರಾಟೆಗಳನ್ನು ಅಲ್ಲಿಯವರೆಗೆ ಕುಶಲಕರ್ಮಿಗಳು ಬಹುಮಟ್ಟಿಗೆ ಕೈಯಿಂದ ಮಾಡುತ್ತಿದ್ದರು. ಮಾರ್ಕ್ ಬ್ರುನೆಲ್ ವಿನ್ಯಾಸಗೊಳಿಸಿ ಹೆನ್ರಿ ಮಾಡ್ಸ್ಲೇ ನಿರ್ಮಿಸಿದ ಯಂತ್ರಗಳು 19ನೆಯ ಶತಮಾನದ ಮೊದಲ ದಶಕದಲ್ಲಿ ಅಲ್ಲಿ ಸ್ಥಾಪನೆಯಾದವು. 1808ರಲ್ಲಿ ಅವು ಸುಮಾರು 1,30,000 ರಾಟೆಗಳನ್ನು ತಯಾರಿಸಿದವು. ವೃತ್ತಾಕಾರದ ಗರಗಸ ಹಲಗೆಯನ್ನು ತುಂಡರಿಸಿದ ಬಳಿಕ ತೂತು ಕೊರೆಯುವ ಯಂತ್ರದ ಹಿಡಿಕೆ ಮರದ ಮೇಲೆ ಒತ್ತುಗುರುತು ಬಿಡುತ್ತಿತ್ತು. ಮುಂದಿನ ಯಂತ್ರಗಳಲ್ಲಿ ತುಂಡನ್ನು ಕೂರಿಸಲು ಆ ಗುರುತೇ ಆಧಾರ. ಹೊಸದಾಗಿ ಅಳೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಇಂದಿನ ಸಣ್ಣ ಕಾರ್ಯಾಗಾರದ ಜಿಗ್ ಮಾಡುವುದೂ ಇದನ್ನೇ.

ಯಾವುದರಿಂದ ಮಾಡಬೇಕು

ಮರದಿಂದ ಮಾಡಿದ ಜಿಗ್‌ನ ಶತ್ರು ಮರದ ಚಲನೆ. ಗಾಳಿಯ ತೇವಾಂಶ ಏರಿದಾಗ ಮರ ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಬದಲಾವಣೆ ನಗಣ್ಯ. ಎಳೆಗೆ ಅಡ್ಡಲಾಗಿ ಮಾತ್ರ ಗಣನೀಯ. ಅದರಲ್ಲೂ ಬೆಳವಣಿಗೆಯ ಉಂಗುರಗಳ ಗುಂಟ ಆಗುವ ಬದಲಾವಣೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟು. ಮಲೆನಾಡಿನಲ್ಲೋ ಕರಾವಳಿಯಲ್ಲೋ ಬೇಸಿಗೆಯಲ್ಲಿ ಮಾಡಿದ ಜಿಗ್ ಆಷಾಢದ ಮಳೆಗೆ ಬಿಗಿದುಕೊಳ್ಳುವುದಕ್ಕೆ ಕಾರಣ ಇದು.

ಆದುದರಿಂದ ಅಗಲವಾದ ಭಾಗಗಳಿಗೆ ಇಡೀ ಮರ ಸಲ್ಲದು. ಪ್ಲೈವುಡ್‌ನಲ್ಲಿ ಪದರಗಳ ಎಳೆಗಳು ಒಂದಕ್ಕೊಂದು ಅಡ್ಡಲಾಗಿ ಇರುವುದರಿಂದ ಒಂದು ಇನ್ನೊಂದನ್ನು ಹಿಡಿದಿಡುತ್ತದೆ. ಐಎಸ್ 710 ಗುಣಮಟ್ಟದ ಜಲನಿರೋಧಕ ಪ್ಲೈವುಡ್ ತೇವದ ಊರುಗಳಿಗೆ ಒಳ್ಳೆಯದು. ಎಂಡಿಎಫ್ ಬಹಳ ಸಮತಟ್ಟಾಗಿರುತ್ತದೆ, ಆದರೆ ನೀರು ತಾಗಿದರೆ ಊದಿಕೊಳ್ಳುತ್ತದೆ ಮತ್ತು ಅಂಚಿನಲ್ಲಿ ಸ್ಕ್ರೂ ಸರಿಯಾಗಿ ಹಿಡಿಯುವುದಿಲ್ಲ. ಜಾರುವ ಕಿರಿದಾದ ಪಟ್ಟಿಗಳಿಗೆ ಮಾತ್ರ ಚೆನ್ನಾಗಿ ಒಣಗಿದ ತೇಗ ಅಥವಾ ಹೊನ್ನೆ ಬಳಸಬಹುದು. ಒಂದಿಷ್ಟು ಮೇಣ ಸವರಿದರೆ ಅವು ಸರಾಗವಾಗಿ ಜಾರುತ್ತವೆ.

ಕೈಗರಗಸಕ್ಕೆ

ಮೇಜಿನ ಮೇಲೆ ಸಣ್ಣ ತುಂಡುಗಳನ್ನು ಕೊಯ್ಯಲು ಬೆಂಚ್ ಹುಕ್ ಎಂಬ ಸರಳ ಸಾಧನವೇ ಸಾಕು. ಸುಮಾರು 250 ಎಂಎಂ ಉದ್ದದ ಹಲಗೆಗೆ ಒಂದು ತುದಿಯಲ್ಲಿ ಕೆಳಗೆ, ಇನ್ನೊಂದು ತುದಿಯಲ್ಲಿ ಮೇಲೆ ಒಂದೊಂದು ಅಡ್ಡಪಟ್ಟಿ ಬಡಿದರೆ ಅದು ಸಿದ್ಧ. ಕೆಳಗಿನ ಪಟ್ಟಿ ಮೇಜಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಮೇಲಿನ ಪಟ್ಟಿಗೆ ಮರವನ್ನು ಎಡಗೈಯಿಂದ ಒತ್ತಿ ಹಿಡಿಯಬೇಕು. ಮೇಲಿನ ಪಟ್ಟಿಯನ್ನು ಬಲಬದಿಯಲ್ಲಿ ಎರಡು ಬೆರಳಗಲ ಗಿಡ್ಡ ಮಾಡಿದರೆ ಗರಗಸ ಇಳಿದಾಗ ಮೇಜಿಗೆ ಗಾಯವಾಗುವುದಿಲ್ಲ.

ಮೈಟರ್ ಬಾಕ್ಸ್ ಇದಕ್ಕಿಂತ ಒಂದು ಹೆಜ್ಜೆ ಮುಂದು. ಮೇಲ್ಭಾಗ ತೆರೆದ ಉದ್ದನೆಯ ಪೆಟ್ಟಿಗೆಯ ಎರಡೂ ಗೋಡೆಗಳಲ್ಲಿ 90 ಡಿಗ್ರಿಗೆ ಒಂದು, ಎಡಕ್ಕೂ ಬಲಕ್ಕೂ 45 ಡಿಗ್ರಿಗೆ ಒಂದೊಂದು ಸೀಳು ಇರುತ್ತದೆ. ಗರಗಸ ಆ ಸೀಳಿನಲ್ಲೇ ಓಡಾಡುತ್ತದೆ. ಸೀಳುಗಳನ್ನು ಮುಂದೆ ಬಳಸಲಿರುವ ಗರಗಸದಿಂದಲೇ ಕೊಯ್ದಿರಬೇಕು. ಬೇರೆ ಗರಗಸದ ಹಲ್ಲು ಕಿರಿದಾಗಿದ್ದರೆ ಅಲುಗಾಟ ತಪ್ಪದು. ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿಗಳಲ್ಲಿ ಬೇಕಾಗುವುದು ಇದೇ 45 ಡಿಗ್ರಿಯ ಕೊಯ್ತ.

ಈ ಕೊಯ್ತದಲ್ಲಿ ತಪ್ಪು ಎಷ್ಟು ಬೇಗ ಬೆಳೆಯುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. ನಾಲ್ಕು ಮೂಲೆಗಳ ಕಟ್ಟಿಗೆ ಎಂಟು ಕೊಯ್ತಗಳು ಬೇಕು. ಪ್ರತಿಯೊಂದೂ ಅರ್ಧ ಡಿಗ್ರಿ ತಪ್ಪಿದರೆ ಮೂರು ಮೂಲೆಗಳನ್ನು ಬಿಗಿಯಾಗಿ ಕೂಡಿಸಿದ ಮೇಲೆ ಕೊನೆಯ ಮೂಲೆಯಲ್ಲಿ ಒಟ್ಟು 4 ಡಿಗ್ರಿ ಬಾಯಿ ಬಿಡುತ್ತದೆ. ಪಟ್ಟಿಯ ಅಗಲ 30 ಎಂಎಂ ಇದ್ದರೆ ಅದು ಸುಮಾರು 3 ಎಂಎಂ ಬಿರುಕು. ಮೇಣವನ್ನೋ ಪುಟ್ಟಿಯನ್ನೋ ತುಂಬಿ ಮುಚ್ಚಲಾಗದಷ್ಟು ದೊಡ್ಡದು.

ಇದಕ್ಕೆ ಜಾಣ ಪರಿಹಾರವೊಂದಿದೆ. ಒಂದಕ್ಕೊಂದು ಸರಿಯಾಗಿ 90 ಡಿಗ್ರಿಯಲ್ಲಿ ನಿಂತ ಎರಡು ಫೆನ್ಸ್‌ಗಳ ನಡುವೆ ಗರಗಸ ಹಾಯುವಂತೆ ಜಿಗ್ ಮಾಡಿ, ಪ್ರತಿ ಮೂಲೆಯ ಒಂದು ಪಟ್ಟಿಯನ್ನು ಎಡ ಫೆನ್ಸ್‌ಗೂ ಜೋಡಿ ಪಟ್ಟಿಯನ್ನು ಬಲ ಫೆನ್ಸ್‌ಗೂ ಒರಗಿಸಿ ಕೊಯ್ಯುವುದು. ಗರಗಸದ ಹಾದಿ ಕೊಂಚ ಓರೆಯಾಗಿ ಒಂದು ಕಡೆ 44.7 ಡಿಗ್ರಿ ಬಂದರೆ ಇನ್ನೊಂದು ಕಡೆ ತಾನಾಗಿ 45.3 ಬರುತ್ತದೆ. ಎರಡನ್ನು ಕೂಡಿದರೆ 90. ತಪ್ಪನ್ನು ತಪ್ಪಿನಿಂದಲೇ ಕಳೆಯುವ ಇಂಥ ಉಪಾಯಗಳು ಜಿಗ್ ವಿನ್ಯಾಸದ ಅತ್ಯಂತ ಸೊಗಸಾದ ಭಾಗ.

ಪ್ಲೈವುಡ್ ಹಾಳೆಗೆ ಹಾದಿಪಟ್ಟಿ

8×4 ಅಡಿಯ ಪ್ಲೈವುಡ್ ಹಾಳೆಯನ್ನು ಯಂತ್ರದ ಬಳಿಗೆ ಹೊತ್ತೊಯ್ಯುವುದು ಕಷ್ಟ. ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ ಯಂತ್ರವನ್ನೇ ಹಾಳೆಯ ಮೇಲೆ ಓಡಿಸುವುದು ವಾಡಿಕೆ. ನೇರವಾದ ರೀಪರೊಂದನ್ನು ಕ್ಲಾಂಪ್ ಮಾಡಿ ಅದಕ್ಕೆ ತಾಗಿಸಿ ಓಡಿಸಿದರೆ ಕೊಯ್ತ ನೇರ ಬರುತ್ತದೆ, ಆದರೆ ಯಂತ್ರದ ತಳದ ಅಂಚಿನಿಂದ ಬ್ಲೇಡಿಗೆ ಇರುವ ಅಂತರವನ್ನು ಪ್ರತಿ ಸಲವೂ ಕೂಡಿಸಿ ಕಳೆಯಬೇಕು. ಲೆಕ್ಕ ತಪ್ಪುವುದು ಅಲ್ಲಿ.

ಈ ಲೆಕ್ಕವನ್ನೇ ಇಲ್ಲವಾಗಿಸುವುದು ಎರಡು ಪದರದ ಹಾದಿಪಟ್ಟಿ. 6 ಎಂಎಂ ಪ್ಲೈವುಡ್‌ನ ಅಗಲವಾದ ತಳಪಟ್ಟಿಯ ಮೇಲೆ 12 ಎಂಎಂ ದಪ್ಪದ, ಕಾರ್ಖಾನೆಯಿಂದ ಬಂದ ನೇರ ಅಂಚುಳ್ಳ ಕಿರಿದಾದ ಪಟ್ಟಿಯನ್ನು ಗೋಂದು ಮತ್ತು ಸ್ಕ್ರೂಗಳಿಂದ ಕೂರಿಸಬೇಕು. ತಳಪಟ್ಟಿ ಬ್ಲೇಡಿನ ಆಚೆಗೂ ಚಾಚಿರುವಷ್ಟು ಅಗಲವಿರಲಿ. ಗೋಂದು ಒಣಗಿದ ಮೇಲೆ ಯಂತ್ರದ ತಳವನ್ನು ಮೇಲಿನ ಪಟ್ಟಿಗೆ ಒತ್ತಿ ಹಿಡಿದು ಒಮ್ಮೆ ಓಡಿಸಿದರೆ ತಳಪಟ್ಟಿಯ ಹೆಚ್ಚುವರಿ ಭಾಗ ಕತ್ತರಿಸಿ ಬೀಳುತ್ತದೆ. ಉಳಿದ ಅಂಚು ಆ ಯಂತ್ರದ ಆ ಬ್ಲೇಡು ಹಾಯುವ ಗೆರೆಯೇ. ಇನ್ನು ಮುಂದೆ ಹಾಳೆಯ ಮೇಲಿನ ಗುರುತಿಗೆ ಈ ಅಂಚನ್ನು ಕೂಡಿಸಿ ಕ್ಲಾಂಪ್ ಬಿಗಿದರೆ ಮುಗಿಯಿತು. ಅಂಚು ಮರದ ಎಳೆಗಳನ್ನು ಮೇಲಿನಿಂದ ಒತ್ತಿ ಹಿಡಿಯುವುದರಿಂದ ಆ ಬದಿಯಲ್ಲಿ ಸಿಬಿರು ಏಳುವುದೂ ಕಡಿಮೆ. ಮನೆಮನೆಗೆ ಹೋಗಿ ಕಪಾಟು, ವಾರ್ಡ್‌ರೋಬ್ ಮಾಡುವ ಬಡಗಿಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಉಪಕಾರ ಮಾಡುವ ಸಾಧನ ಇನ್ನೊಂದಿಲ್ಲ.

ಟೇಬಲ್ ಸಾ ಯಂತ್ರದ ಸ್ಲೆಡ್

ಬ್ಲೇಡು ಮೇಜಿನೊಳಗಿನಿಂದ ಮೇಲೆದ್ದು ನಿಂತಿರುವ ಯಂತ್ರ ಟೇಬಲ್ ಸಾ. ಇದರ ಮೇಲೆ ಮರವನ್ನು ಅಡ್ಡಕ್ಕೆ ಕೊಯ್ಯಲು ಬಳಸುವ ಜಾರುಹಲಗೆಗೆ ಸ್ಲೆಡ್ ಎಂದು ಹೆಸರು. ಕೊಯ್ಯಬೇಕಾದ ಮರ ಸ್ಲೆಡ್ ಮೇಲೆ ಕದಲದೆ ಕೂತಿರುತ್ತದೆ, ಚಲಿಸುವುದು ಸ್ಲೆಡ್.

ಮೇಜಿನ ಮೇಲ್ಮೈಯಲ್ಲಿ ಬ್ಲೇಡಿಗೆ ಸಮಾಂತರವಾಗಿ ಉದ್ದನೆಯ ಕಾಲುವೆಗಳಿರುತ್ತವೆ. ದೊಡ್ಡ ಯಂತ್ರಗಳಲ್ಲಿ ಅವುಗಳ ಅಗಲ ಸಾಮಾನ್ಯವಾಗಿ ಮುಕ್ಕಾಲು ಇಂಚು, ಅಂದರೆ 19 ಎಂಎಂ. ಸಣ್ಣ ಯಂತ್ರಗಳಲ್ಲಿ ಅಳತೆ ಬದಲಾಗುವುದರಿಂದ ಅಳೆದೇ ನೋಡಬೇಕು. ಕಾಲುವೆಯಲ್ಲಿ ಜಾರುವ ಎರಡು ಮರದ ಪಟ್ಟಿಗಳು ಸ್ಲೆಡ್‌ನ ಹಳಿಗಳಿದ್ದಂತೆ. ಪಟ್ಟಿ ಸಡಿಲವಾದರೆ ಸ್ಲೆಡ್ ಅಲುಗಾಡಿ ಕೋನ ಕೆಡುತ್ತದೆ, ಬಿಗಿಯಾದರೆ ತಳ್ಳಲು ಬಲ ಬೇಕಾಗಿ ಕೈ ತಪ್ಪುತ್ತದೆ. ಎಲ್ಲಿ ಬಿಗಿಯಾಗಿದೆ ಎಂದು ಕಂಡುಹಿಡಿಯಲು ಪಟ್ಟಿಯ ಪಕ್ಕಗಳಿಗೆ ಮಾರ್ಕರ್ ಪೆನ್ನಿನ ಬಣ್ಣ ಬಳಿದು ನಾಲ್ಕಾರು ಸಲ ಜಾರಿಸುವುದುಂಟು. ಬಣ್ಣ ಉಜ್ಜಿ ಹೋದ ಕಡೆ ಮಾತ್ರ ಮರಳು ಕಾಗದ ತಾಗಿಸಬೇಕು. ಆತುರಪಟ್ಟು ಇಡೀ ಪಟ್ಟಿಯನ್ನು ಉಜ್ಜಿದರೆ ಮತ್ತೆ ಹೊಸ ಪಟ್ಟಿಯೇ ಗತಿ.

ಪ್ಲೈವುಡ್ ಮೇಜಿನ ಅಡಿಗೆ ಕೈಯಂತ್ರವನ್ನು ತಲೆಕೆಳಗಾಗಿ ಬಿಗಿದು ತಾವೇ ಟೇಬಲ್ ಸಾ ಮಾಡಿಕೊಂಡವರ ಮೇಜಿನಲ್ಲಿ ಕಾಲುವೆಗಳಿರುವುದಿಲ್ಲ. ಅಂಥಲ್ಲಿ ಸ್ಲೆಡ್‌ನ ಎರಡು ಬದಿಗಳಲ್ಲೂ ಪಟ್ಟಿಗಳನ್ನು ಕೆಳಗೆ ಇಳಿಬಿಟ್ಟು ಮೇಜಿನ ಹೊರ ಅಂಚುಗಳನ್ನೇ ಹಾದಿಯಾಗಿ ಬಳಸಬಹುದು. ಆ ಅಂಚುಗಳು ಬ್ಲೇಡಿಗೆ ಸಮಾಂತರವಾಗಿರಬೇಕು ಎಂಬುದೊಂದೇ ಷರತ್ತು.

ಸ್ಲೆಡ್‌ನ ತಳಕ್ಕೆ 12 ಎಂಎಂ ಪ್ಲೈವುಡ್ ಸಾಕು. ಮುಂದೆ ಒಂದು, ಹಿಂದೆ ಒಂದು ಫೆನ್ಸ್ ಇರುತ್ತದೆ. ಬ್ಲೇಡು ತಳವನ್ನು ನಡುವೆ ಸೀಳುವುದರಿಂದ ಎರಡು ಹೋಳುಗಳನ್ನು ಹಿಡಿದಿಡುವುದು ಈ ಫೆನ್ಸ್‌ಗಳೇ; ಬ್ಲೇಡಿಗಿಂತ ಅವು ಸಾಕಷ್ಟು ಎತ್ತರವಿರಬೇಕು. ಆಚೆ ತುದಿಯ ಫೆನ್ಸ್ ಹೇಗಿದ್ದರೂ ನಡೆಯುತ್ತದೆ. ಕೆಲಸಗಾರನ ಕಡೆಯ ಫೆನ್ಸ್ ಮಾತ್ರ ಬ್ಲೇಡಿಗೆ ಸರಿಯಾಗಿ ಲಂಬವಾಗಿರಬೇಕು. ಮೊದಲಿಗೆ ಅದರ ಬಲತುದಿಗೆ ಒಂದೇ ಸ್ಕ್ರೂ ಹಾಕಿ, ಎಡತುದಿಯನ್ನು ಕ್ಲಾಂಪ್‌ನಲ್ಲಿ ಹಿಡಿದಿಟ್ಟು, ಮುಂದಿನ ಪರೀಕ್ಷೆಗೆ ಒಡ್ಡಬೇಕು.

ಐದು ಕೊಯ್ತಗಳ ಪರೀಕ್ಷೆ

ಲಂಬಕೋನವನ್ನು ಮೂಲೆಮಟ್ಟದಿಂದ ನೋಡಬಹುದು. ಆದರೆ ಮೂಲೆಮಟ್ಟವೇ ಸರಿಯಿದೆಯೆ? ಹಲಗೆಯ ನೇರ ಅಂಚಿಗೆ ಅದನ್ನು ಒತ್ತಿ ಒಂದು ಗೆರೆ ಎಳೆದು, ಮಗುಚಿ ಹಾಕಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆದರೆ ತಿಳಿಯುತ್ತದೆ. ಎರಡು ಗೆರೆಗಳೂ ಒಂದಾದರೆ ಮಟ್ಟ ಸರಿ. ಕವಲೊಡೆದರೆ, ಆ ಕವಲು ನಿಜವಾದ ತಪ್ಪಿನ ಎರಡರಷ್ಟು. ತಪ್ಪನ್ನು ಹಿಗ್ಗಿಸಿ ನೋಡುವ ಇದೇ ಯುಕ್ತಿಯನ್ನು ಐದು ಕೊಯ್ತಗಳ ಪರೀಕ್ಷೆ ನಾಲ್ಕರಷ್ಟಕ್ಕೆ ಏರಿಸುತ್ತದೆ.

ಸುಮಾರು 400 ಎಂಎಂ ಚೌಕದ ಪ್ಲೈವುಡ್ ತುಂಡನ್ನು ಬ್ಲೇಡಿನ ಎಡಕ್ಕೆ, ಫೆನ್ಸ್‌ಗೆ ಒರಗಿಸಿ ಇಟ್ಟು ಬಲಬದಿಯನ್ನು ತೆಳುವಾಗಿ ಕೊಯ್ಯಬೇಕು. ಈಗ ಕೊಯ್ದ ಬದಿ ಫೆನ್ಸ್‌ಗೆ ಬರುವಂತೆ ತುಂಡನ್ನು ಪ್ರದಕ್ಷಿಣವಾಗಿ ಕಾಲು ಸುತ್ತು ತಿರುಗಿಸಿ ಎರಡನೆಯ ಬದಿ, ಹಾಗೆಯೇ ಮೂರನೆಯದು, ನಾಲ್ಕನೆಯದು. ಐದನೆಯ ಕೊಯ್ತದಲ್ಲಿ ಮೊದಲ ಬದಿಯೇ ಮತ್ತೆ ಬರುತ್ತದೆ. ಈ ಸಲ 25 ಎಂಎಂ ಅಗಲದ ಪಟ್ಟಿಯನ್ನು ಕತ್ತರಿಸಿ ಇಟ್ಟುಕೊಳ್ಳಬೇಕು. ಪ್ರತಿ ಮೂಲೆಯೂ ಹಿಂದಿನ ತಪ್ಪನ್ನು ಹೊತ್ತುಕೊಂಡು ಬಂದಿರುವುದರಿಂದ ನಾಲ್ಕು ಮೂಲೆಗಳ ತಪ್ಪು ಒಟ್ಟಾಗಿ ಈ ಪಟ್ಟಿಯ ಎರಡು ತುದಿಗಳ ಅಗಲದ ವ್ಯತ್ಯಾಸವಾಗಿ ಕಾಣಿಸುತ್ತದೆ.

ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದಾಗ ಫೆನ್ಸ್ ಕಡೆಯ ತುದಿ 25.6 ಎಂಎಂ, ಆಚೆಯ ತುದಿ 24.8 ಎಂಎಂ ಬಂತೆನ್ನಿ. ವ್ಯತ್ಯಾಸ 0.8. ನಾಲ್ಕರಿಂದ ಭಾಗಿಸಿದರೆ 0.2. ಅಂದರೆ 400 ಎಂಎಂ ಉದ್ದಕ್ಕೆ 0.2 ಎಂಎಂ ಓರೆ. ಫೆನ್ಸ್‌ನ ಸ್ಕ್ರೂವಿನಿಂದ ಎಡತುದಿಗೆ 600 ಎಂಎಂ ದೂರವಿದ್ದರೆ ಆ ತುದಿಯನ್ನು 0.3 ಎಂಎಂ ಸರಿಸಬೇಕು. ಫೆನ್ಸ್ ಕಡೆಯ ತುದಿ ಅಗಲವಾಗಿದ್ದರೆ ಕೋನ 90ಕ್ಕಿಂತ ಹೆಚ್ಚು. ಎಡತುದಿಯನ್ನು ಆಚೆಗೆ, ಬ್ಲೇಡಿನ ದಿಕ್ಕಿಗೆ ತಳ್ಳಬೇಕು. ಕಿರಿದಾಗಿದ್ದರೆ ಈಚೆಗೆ ಎಳೆಯಬೇಕು. ಅಷ್ಟು ಸಣ್ಣ ದೂರವನ್ನು ಕಣ್ಣಂದಾಜಿನಲ್ಲಿ ಸರಿಸಲಾಗದು. ಫೆನ್ಸ್‌ನ ಹಿಂದೆ ಒಂದು ಮರದ ತುಂಡನ್ನು ತಾಗಿಸಿ ಬಿಗಿದು, ನಡುವೆ ಮೆಕ್ಯಾನಿಕ್‌ಗಳು ಬಳಸುವ 0.30 ಎಂಎಂ ಫೀಲರ್ ಗೇಜ್ ತೂರಿಸಿ ಫೆನ್ಸ್‌ನ್ನು ಮತ್ತೆ ಕ್ಲಾಂಪ್ ಮಾಡಿದರೆ ಕೆಲಸವಾಯಿತು. ಮೇಲಿನ ಉದಾಹರಣೆಯ ತಪ್ಪು ಡಿಗ್ರಿಯಲ್ಲಿ ಸುಮಾರು 0.03 ಮಾತ್ರ. ಸಾಧಾರಣ ಮೂಲೆಮಟ್ಟದಲ್ಲಿ ಅದು ಕಾಣುವುದೇ ಇಲ್ಲ, ಐದು ಕೊಯ್ತಗಳಲ್ಲಿ ಕಾಣುತ್ತದೆ. ದುಬಾರಿ ಉಪಕರಣವಿಲ್ಲದೆ ಇಷ್ಟು ನಿಖರತೆ ದೊರೆಯುವುದು ಮರಗೆಲಸದಲ್ಲಿ ಅಪರೂಪ.

ಸ್ಟಾಪರ್

ಕೋನ ಸರಿಹೋದ ಮೇಲೆ ಉದ್ದ. ಫೆನ್ಸ್‌ಗೆ ಒಂದು ಸಣ್ಣ ಮರದ ಚೌಕವನ್ನು ಕ್ಲಾಂಪ್ ಮಾಡಿದರೆ ಸ್ಟಾಪರ್ ಆಯಿತು. ಮರದ ತುದಿಯನ್ನು ಅದಕ್ಕೆ ತಾಗಿಸಿ ಕೊಯ್ದ ತುಂಡುಗಳೆಲ್ಲ ಒಂದೇ ಉದ್ದ. ಇದರ ಕೆಳ ಮೂಲೆಯನ್ನು ಓರೆಯಾಗಿ ಕತ್ತರಿಸಿರಬೇಕು. ಇಲ್ಲವಾದರೆ ಮರದ ಹೊಟ್ಟು ಅಲ್ಲಿ ಸೇರಿಕೊಂಡು ಹತ್ತನೆಯ ತುಂಡು ಮೊದಲನೆಯದಕ್ಕಿಂತ ಅರ್ಧ ಎಂಎಂ ಗಿಡ್ಡವಾಗುತ್ತದೆ. ತುಂಡಿನ ಒಂದು ತುದಿಯನ್ನು ಮೊದಲೇ ಲಂಬವಾಗಿ ಕೊಯ್ದು, ಆ ತುದಿಯನ್ನೇ ಸ್ಟಾಪರ್‌ಗೆ ತಾಗಿಸುವುದು ನಿಯಮ. ಗರಗಸ ತಿಂದುಹಾಕುವ ಮರವನ್ನೂ ಲೆಕ್ಕಕ್ಕೆ ಹಿಡಿಯಬೇಕು. 10 ಇಂಚಿನ ಬ್ಲೇಡು ಪ್ರತಿ ಕೊಯ್ತಕ್ಕೂ ಸುಮಾರು 3 ಎಂಎಂ ಪುಡಿ ಮಾಡುವುದರಿಂದ 300 ಎಂಎಂನ ಹತ್ತು ತುಂಡುಗಳಿಗೆ ಮೂರು ಮೀಟರ್ ಹಲಗೆ ಸಾಲದು.

ಇನ್ನಿತರ ಜಿಗ್‌ಗಳು

ಟೀಪಾಯಿಯ ಕಾಲುಗಳನ್ನು ಕೆಳಮುಖವಾಗಿ ಸಣ್ಣಗೆ ಮಾಡಲು ಓರೆ ಜಿಗ್, ತೆಳು ಪಟ್ಟಿಗಳನ್ನು ಸೀಳಲು ಬೇರೊಂದು ಜಿಗ್ ಬಳಕೆಯಲ್ಲಿವೆ. ಪೆಟ್ಟಿಗೆಯ ಮೂಲೆಗಳಲ್ಲಿ ಬೆರಳು ಹೆಣೆದಂತೆ ಕಾಣುವ ಬಾಕ್ಸ್ ಜಾಯಿಂಟ್‌ಗೆ ಇರುವ ಜಿಗ್ ಮಾತ್ರ ವಿಶೇಷ ಎಚ್ಚರ ಬೇಡುತ್ತದೆ. ಅಲ್ಲಿ ಪ್ರತಿ ಕಚ್ಚನ್ನೂ ಹಿಂದಿನ ಕಚ್ಚನ್ನು ಆಧಾರವಾಗಿಟ್ಟು ಕೊಯ್ಯುವುದರಿಂದ ತಪ್ಪು ಕೂಡುತ್ತಾ ಹೋಗುತ್ತದೆ, ಕಚ್ಚಿಗೆ 0.1 ಎಂಎಂ ತಪ್ಪಿದರೆ ಹನ್ನೆರಡನೆಯ ಕಚ್ಚಿನಲ್ಲಿ 1.2 ಎಂಎಂ. ಜಿಗ್‌ನ ಸಮಾನತೆಯೇ ಇಲ್ಲಿ ಶಾಪವಾಗುತ್ತದೆ. ಮೊದಲು ರದ್ದಿ ಮರದಲ್ಲಿ ಜೋಡಿ ಕೊಯ್ದು ಕೂಡಿಸಿ ನೋಡದೆ ಒಳ್ಳೆಯ ಮರಕ್ಕೆ ಕೈ ಹಾಕಬಾರದು.

ಸುರಕ್ಷತೆ

ನಿಮಿಷಕ್ಕೆ 4,500 ಸುತ್ತು ತಿರುಗುವ 10 ಇಂಚಿನ ಬ್ಲೇಡಿನ ಹಲ್ಲು ಸೆಕೆಂಡಿಗೆ ಸುಮಾರು 60 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಮರ ಓರೆಯಾಗಿ ಬ್ಲೇಡಿನ ಹಿಂಭಾಗಕ್ಕೆ ಸಿಕ್ಕಿದರೆ ಭಾರಿ ವೇಗದಲ್ಲಿ ಕೆಲಸಗಾರನ ಮೇಲೆ ಎರಗುತ್ತದೆ. ಇದು ಕಿಕ್‌ಬ್ಯಾಕ್, ಅಂದರೆ ಹಿಂದೊದೆತ. ಉದ್ದ ಸೀಳಲೆಂದು ಯಂತ್ರದಲ್ಲೇ ಇರುವ ಫೆನ್ಸ್‌ನ್ನು ಅಡ್ಡ ಕೊಯ್ತಕ್ಕೆ ಸ್ಟಾಪರ್ ಆಗಿ ಬಳಸುವುದು ಇದಕ್ಕೆ ನೇರ ಆಹ್ವಾನ. ಕೊಯ್ದ ತುಂಡು ಬ್ಲೇಡಿಗೂ ಫೆನ್ಸ್‌ಗೂ ನಡುವೆ ಸಿಕ್ಕಿಬೀಳುತ್ತದೆ. ಬಳಸಲೇಬೇಕಾದರೆ ಬ್ಲೇಡಿಗಿಂತ ಬಹಳ ಮುಂಚೆಯೇ ಫೆನ್ಸ್‌ಗೆ 50 ಎಂಎಂ ದಪ್ಪದ ತುಂಡೊಂದನ್ನು ಬಿಗಿದು, ಅಳತೆಗೆ ಅದನ್ನು ತಾಗಿಸಬೇಕು. ಕೊಯ್ತ ಶುರುವಾಗುವಷ್ಟರಲ್ಲಿ ಮರ ಅದನ್ನು ದಾಟಿ ಬಿಡುಗಡೆಯಾಗಿರುತ್ತದೆ.

ಸ್ಲೆಡ್‌ನಲ್ಲಿ ಬ್ಲೇಡು ಫೆನ್ಸ್ ದಾಟಿ ಈಚೆ ಬರುವ ಜಾಗವೇ ಹೆಬ್ಬೆರಳು ಇಡಲು ಅನುಕೂಲವಾಗಿ ಕಾಣುವ ಜಾಗ. ಅಲ್ಲಿ ದಪ್ಪನೆಯ ಮರದ ತುಂಡೊಂದನ್ನು ಅಂಟಿಸಿ ಕೆಂಪು ಬಣ್ಣ ಬಳಿಯುವುದು ಒಳ್ಳೆಯ ಪದ್ಧತಿ. ತಿರುಗುವ ಬ್ಲೇಡಿನ ಬಳಿ ಕೈಗವಸು ತೊಡಬಾರದು; ಬಟ್ಟೆ ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಕಲ್ಲು ಕೊಯ್ಯುವ ಮಾರ್ಬಲ್ ಕಟರ್‌ಗೆ ಮರದ ಬ್ಲೇಡು ತೊಡಿಸಿ, ಮೇಲುಗವಚ ಕಳಚಿ ಬಳಸುವ ಚಾಳಿ ನಮ್ಮಲ್ಲಿ ವ್ಯಾಪಕ. ಅದು ನಿಮಿಷಕ್ಕೆ ಸುಮಾರು 12,000 ಸುತ್ತು ತಿರುಗುವ ಯಂತ್ರ. ಎಂಥ ಜಿಗ್ ಇದ್ದರೂ ಕಳಚಿದ ಕವಚಕ್ಕೆ ಬದಲಿಯಾಗದು.

ಕಾಪಿಡುವುದು

ಗೋಡೆಗೆ ಓರೆಯಾಗಿ ಒರಗಿಸಿಟ್ಟ ಜಿಗ್ ಬಾಗುತ್ತದೆ. ತೂಗುಹಾಕಬೇಕು, ಇಲ್ಲವೇ ಮಟ್ಟಸವಾಗಿ ಮಲಗಿಸಬೇಕು. ತಳಕ್ಕೂ ಮೇಲ್ಮೈಗೂ ಒಂದೇ ಬಗೆಯ ವಾರ್ನಿಷ್ ಬಳಿದರೆ ತೇವ ಎರಡು ಬದಿಗೂ ಸಮನಾಗಿ ಸೇರಿ ಡೊಂಕು ಕಡಿಮೆಯಾಗುತ್ತದೆ. ಜಿಗ್ ಮೇಲೆ ಯಂತ್ರದ ಹೆಸರು, ಬ್ಲೇಡಿನ ದಪ್ಪ, ಕೊನೆಯ ಸಲ ಪರೀಕ್ಷಿಸಿದ ದಿನಾಂಕ ಬರೆದಿಡುವುದು ರೂಢಿ. ಬ್ಲೇಡು ಬದಲಾಯಿಸಿದರೆ ಸ್ಲೆಡ್‌ನ ಸೀಳಿಗೂ ಹಾದಿಪಟ್ಟಿಯ ಅಂಚಿಗೂ ಅರ್ಥ ಉಳಿಯುವುದಿಲ್ಲ. ಹೊಸ ಬ್ಲೇಡು ದಪ್ಪವಾಗಿದ್ದರೆ ಅಂಚು ಇನ್ನಷ್ಟು ತಿಂದುಹೋಗಿ ತಾನೇ ಸರಿಹೋಗುತ್ತದೆ. ತೆಳುವಾಗಿದ್ದರೆ ಗೆರೆಗೂ ಅಂಚಿಗೂ ನಡುವೆ ಸಂದು ಉಳಿಯುತ್ತದೆ. ಆಗ ತಳಪಟ್ಟಿಯನ್ನೇ ಬದಲಾಯಿಸಿ ಹೊಸದಾಗಿ ಕೊಯ್ದುಕೊಳ್ಳಬೇಕು.